ತಾಳೆಗರಿಯ ಕಟ್ಟು ಮತ್ತು ಹಾರ್ಡ್ ಡಿಸ್ಕು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ತಿಕೋಟಾ, ಬಬಲೇಶ್ವರದ ಕಡೆಯವರು ಬಹಳ. ಅವರು ಈಚೆಗೆ ನನ್ನನ್ನು ಕೇಳುವ ಪ್ರಶ್ನೆ ಇದು: “ಸರ್ರ, ಮದುವಿ ಫೋಟೋ, ನಮ್ಮಪ್ಪನ ದನಿ, ಎಲ್ಲಾ ಒಂದ ಹಾರ್ಡ್ ಡಿಸ್ಕಿನ್ಯಾಗ ಅದಾವ್ರಿ. ಇನ್ನ ಎಷ್ಟ ದಿನ ನಂಬಬಹುದ್ರಿ?” ಇತಿಹಾಸದ ಮಾಸ್ತರನಿಗೆ ಸಲ್ಲದ ಪ್ರಶ್ನೆ ಎನ್ನಬಹುದು. ಆದರೆ ನಮ್ಮ ವಿಜಯಪುರಕ್ಕೆ ಇದು ಹೊಸ ಪ್ರಶ್ನೆಯಲ್ಲ.

ಕಳೆದ ಶತಮಾನದ ಮೊದಲ ದಶಕದಲ್ಲಿ ವಕೀಲಿ ವೃತ್ತಿಗೆಂದು ಇಲ್ಲಿ ಬಂದು ನೆಲೆಸಿದ ಫ. ಗು. ಹಳಕಟ್ಟಿಯವರು ಮನೆ, ಮಠಗಳಲ್ಲಿ ಬಟ್ಟೆ ಸುತ್ತಿಟ್ಟಿದ್ದ ತಾಳೆಗರಿಯ ಕಟ್ಟುಗಳನ್ನು ಅರಸುತ್ತ ಅಲೆದರು. ತಾಳೆಗರಿಯ ಆರೋಗ್ಯ ಕಣ್ಣಿಗೆ ಕಾಣುವಂಥದು. ಅಂಚು ಉದುರುತ್ತದೆ, ಹುಳು ತೂತು ಕೊರೆಯುತ್ತದೆ, ದಾರ ಪೋಣಿಸಿದ ರಂಧ್ರದ ಸುತ್ತ ಗರಿ ಸೀಳುತ್ತದೆ. ಎಣ್ಣೆ ಸವರಿ, ಕಾಡಿಗೆ ತೀಡಿ ಮಂಕಾದ ಅಕ್ಷರವನ್ನು ಮತ್ತೆ ಎಬ್ಬಿಸಬಹುದು. ಉದುರಿಹೋದ ಅಕ್ಷರ ಮರಳದು. ಅದಕ್ಕೇ ಹಿಂದಿನವರು ಗರಿ ಜೀರ್ಣವಾಗುತ್ತ ಬಂದಂತೆ ಹೊಸ ಗರಿಗೆ ಪ್ರತಿ ಮಾಡಿಕೊಳ್ಳುತ್ತಿದ್ದರು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. 1925ರಲ್ಲಿ ಇದೇ ಊರಿನಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಬಂತು. ಒಂದು ಕಟ್ಟಿನಲ್ಲಿ ಅಡಗಿದ್ದುದು ಹಲವು ಮನೆಗಳಿಗೆ ಹರಡಿತು. ಆಮೇಲೆ ಮೂಲ ಗರಿಯನ್ನು ಗೆದ್ದಲು ತಿಂದರೂ ವಚನ ಉಳಿಯುವಂತಾಯಿತು.

ಹಾರ್ಡ್ ಡಿಸ್ಕಿನ ತೊಂದರೆಯೆಂದರೆ ಅದರ ಮುಪ್ಪು ಕಣ್ಣಿಗೆ ಕಾಣದು. 1956ರಲ್ಲಿ ಐಬಿಎಂ ಸಂಸ್ಥೆ ತಂದ ಮೊದಲ ಡಿಸ್ಕು ಒಂದು ಬೀರುವಿಗಿಂತ ದೊಡ್ಡದು. ಅದರೊಳಗೆ ತಿರುಗುವ ಐವತ್ತು ತಟ್ಟೆಗಳು, ಅವುಗಳಲ್ಲಿ ಹಿಡಿಯುತ್ತಿದ್ದುದು ಸುಮಾರು ಐವತ್ತು ಲಕ್ಷ ಅಕ್ಷರ. ಇಂದಿನ ಡಿಸ್ಕಿನಲ್ಲಿ ಓದುವ ಮುಳ್ಳು, ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಕೂದಲಿಗಿಂತ ಸಾವಿರಾರು ಪಟ್ಟು ಕಿರಿದಾದ ಅಂತರದಲ್ಲಿ ತೇಲುತ್ತಿರುತ್ತದೆ. ತಟ್ಟೆಯ ಒಂದು ತುಣುಕು ಕೆಟ್ಟರೆ ಡಿಸ್ಕು ಸದ್ದಿಲ್ಲದೆ ಅದನ್ನು ಬಿಟ್ಟು, ಕಾಯ್ದಿಟ್ಟ ಬೇರೊಂದು ತುಣುಕನ್ನು ಬಳಸಿಕೊಳ್ಳುತ್ತದೆ.

ಈ ಒಳಗುಟ್ಟನ್ನು ಹೊರಗೆ ತಿಳಿಸಲು 1990ರ ದಶಕದ ನಡುವೆ ತಯಾರಕರು ಸ್ಮಾರ್ಟ್ ಎಂಬ ಏರ್ಪಾಡನ್ನು ಒಪ್ಪಿಕೊಂಡರು. ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಯಾರಾದರೂ ಓದಬಹುದು. ನೋಡಬೇಕಾದ ಸಾಲುಗಳು ಮುಖ್ಯವಾಗಿ ಮೂರು: ಬದಲಾಯಿಸಿದ ತುಣುಕುಗಳ ಎಣಿಕೆ, ಓದಲಾಗದೆ ಕಾದಿರುವ ತುಣುಕುಗಳು, ಸರಿಪಡಿಸಲಾಗದ ದೋಷಗಳು. ಬಬಲೇಶ್ವರದ ಒಬ್ಬನ ಡಿಸ್ಕಿನಲ್ಲಿ ಎರಡನೆಯ ಸಾಲಿನ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿತ್ತು. ಅದೇ ದಿನ ಹೊಸದು ಕೊಳ್ಳು ಎಂದೆ. ಸಂಖ್ಯೆ ಏರುತ್ತಿದ್ದರೆ ಮರುಯೋಚನೆ ಬೇಡ.

ಸಂಖ್ಯೆ ಸೊನ್ನೆ ಇದ್ದರೆ? ಇಲ್ಲಿಯೇ ಜನ ಮೋಸ ಹೋಗುವುದು. 2007ರಲ್ಲಿ ಗೂಗಲ್‌ನ ಸಂಶೋಧಕರು ತಮ್ಮ ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಪ್ರಕಟಿಸಿದರು. ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದ್ದಕ್ಕಿಂತ 39 ಪಟ್ಟು. ಆದರೆ ಕೆಟ್ಟ ಡಿಸ್ಕುಗಳಲ್ಲಿ ಶೇ. 36ಕ್ಕೂ ಹೆಚ್ಚು, ಉಷ್ಣತೆಯೊಂದನ್ನು ಬಿಟ್ಟು ಬೇರೆ ಯಾವ ಸುಳಿವನ್ನೂ ಕೊಡದೆ ನಿಂತುಹೋಗಿದ್ದವು! ಉಷ್ಣತೆಯೂ, ತೀರ ಹೆಚ್ಚಾದ ಸಂದರ್ಭ ಬಿಟ್ಟರೆ, ನಾವು ಅಂದುಕೊಂಡಷ್ಟು ದೊಡ್ಡ ಕಾರಣವಾಗಿ ಅಲ್ಲಿ ಕಾಣಲಿಲ್ಲ. ನಮ್ಮ ಊರಿನ ಬಿಸಿಲನ್ನು ಬೈಯುವವರಿಗೆ ಈ ಮಾತು ರುಚಿಸಲಿಕ್ಕಿಲ್ಲ.

ಆದ್ದರಿಂದ ಐದು ವರ್ಷ ದಾಟಿದ ಡಿಸ್ಕನ್ನು, ವರದಿ ಎಷ್ಟೇ ಚೆನ್ನಾಗಿರಲಿ, ಏಕೈಕ ಪ್ರತಿಯಾಗಿ ಇಟ್ಟುಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ. ಒಂದು ಪ್ರತಿ ತಿಕೋಟಾದ ಮನೆಯಲ್ಲಿದ್ದರೆ ಇನ್ನೊಂದು ವಿಜಯಪುರದ ಅಕ್ಕನ ಮನೆಯಲ್ಲಿರಲಿ. ವರ್ಷಕ್ಕೊಮ್ಮೆ ಎರಡನ್ನೂ ಜೋಡಿಸಿ, ಕಡತಗಳು ನಿಜವಾಗಿ ತೆರೆಯುತ್ತವೆಯೇ ಎಂದು ನೋಡಿರಿ. ಡಿಸ್ಕು ‘ಟಕ್ ಟಕ್’ ಎನ್ನತೊಡಗಿದರೆ ಮತ್ತೆ ಮತ್ತೆ ಚಾಲೂ ಮಾಡಿ ನೋಡಬೇಡಿ; ಪ್ರತಿ ಇಲ್ಲದಿದ್ದರೆ ಕೂಡಲೇ ಬಂದ್ ಮಾಡಿ, ಮಾಹಿತಿ ಹೊರತೆಗೆಯುವ ಪರಿಣತರಲ್ಲಿಗೆ ಒಯ್ಯಿರಿ. ಅವರ ಶುಲ್ಕ ಮಾತ್ರ ಹೊಸ ಡಿಸ್ಕಿನ ಬೆಲೆಗಿಂತ ಎಷ್ಟೋ ಹೆಚ್ಚು.