ಬೀರುವಿನ ಕೀಲಿ ಯಾರ ಬಳಿ?

ಪಾಠದ ಜೊತೆಗೆ ಶಾಲೆಯ ಗ್ರಂಥಾಲಯದ ಹೊಣೆಯೂ ನನ್ನ ಮೇಲಿತ್ತೆಂಬುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಗ್ರಂಥಾಲಯವೆಂದರೆ ಎರಡು ಬೀರು, ಒಂದು ದಾಸ್ತಾನು ವಹಿ, ನನ್ನ ಜೇಬಿನಲ್ಲೊಂದು ಕೀಲಿಗೊಂಚಲು. ಕಳೆದ ಪುಸ್ತಕಕ್ಕೆ ನನ್ನ ಸಂಬಳದಿಂದ ಹಣ ಕಟ್ಟಿದ್ದೂ ಉಂಟು. ಈಗ ಮಗಳು ಕೊಡಿಸಿದ ಕಿಂಡಲ್‌ನಲ್ಲಿ ಆ ಎರಡು ಬೀರುಗಳಲ್ಲಿದ್ದುದಕ್ಕಿಂತ ಹೆಚ್ಚು ಪುಸ್ತಕಗಳಿವೆ. ಅವುಗಳನ್ನು ಒಪ್ಪವಾಗಿ ಜೋಡಿಸಲು ಹೊರಟಾಗ ಈ ಜೋಡಣೆಗೂ ಒಂದು ಇತಿಹಾಸವಿದೆಯೆಂದು ತಿಳಿಯಿತು.

ವಿದ್ಯುನ್ಮಾನ ಶಾಯಿಯ ಮೊದಲ ಓದುಯಂತ್ರವನ್ನು ಸೋನಿ ಸಂಸ್ಥೆ 2004ರಲ್ಲಿ ಜಪಾನಿನಲ್ಲಿ ಮಾರಾಟಕ್ಕಿಟ್ಟಿತು. ಹೆಸರು ಲಿಬ್ರಿಯೆ. ಅದರ ಪುಸ್ತಕಗಳು ಬಾಡಿಗೆಯವು. 60 ದಿನಗಳಾದ ಮೇಲೆ ತೆರೆಯುತ್ತಿರಲಿಲ್ಲ. ಸಂಗ್ರಹವೆಂಬ ಮಾತಿಗೇ ಅಲ್ಲಿ ಎಡೆಯಿರಲಿಲ್ಲ. 2006ರಲ್ಲಿ ಅದೇ ಸಂಸ್ಥೆಯ ಇನ್ನೊಂದು ಯಂತ್ರ ಅಮೆರಿಕದಲ್ಲಿ ಬಂದಿತು. ಅದು ಲಿನಕ್ಸ್ ಗಣಕದೊಡನೆ ಹೊಂದಿಕೊಳ್ಳುತ್ತಿರಲಿಲ್ಲವಾಗಿ ಭಾರತೀಯ ಮೂಲದ ಕೋವಿದ್ ಗೋಯಲ್ ತಮಗಾಗಿ ತಾವೇ ಒಂದು ತಂತ್ರಾಂಶ ಬರೆದುಕೊಂಡರು. 2008ರಲ್ಲಿ ಅದಕ್ಕೆ ಕ್ಯಾಲಿಬರ್ ಎಂಬ ಹೆಸರಾಯಿತು. ಇಂದಿಗೂ ಅದು ಉಚಿತವಾಗಿ ದೊರೆಯುತ್ತದೆ. ಅದನ್ನು ಮೊದಲ ಬಾರಿ ತೆರೆದಾಗ ನನಗೆ ನಗು ಬಂದಿತು. ಶೀರ್ಷಿಕೆ, ಲೇಖಕ, ಪ್ರಕಾಶಕ, ಸೇರಿಸಿದ ದಿನಾಂಕ: ನಮ್ಮ ದಾಸ್ತಾನು ವಹಿಯ ಕಲಂಗಳೇ!

ಅಮೆಜಾನ್‌ನ ಕಿಂಡಲ್ ಬಂದದ್ದು 2007ರ ನವೆಂಬರಿನಲ್ಲಿ. ಅದರೊಳಗೆ ಸುಮಾರು 200 ಪುಸ್ತಕ ಹಿಡಿಸುತ್ತಿತ್ತು. ಎಲ್ಲವೂ ಒಂದೇ ಉದ್ದನೆಯ ಪಟ್ಟಿ. 2009ರ ಎರಡನೆಯ ಕಿಂಡಲ್ 1500 ಪುಸ್ತಕ ಹಿಡಿಸುವಂತಾಯಿತು. ಪಟ್ಟಿ ಮಾತ್ರ ಹಾಗೆಯೇ ಉಳಿಯಿತು. ವಿಷಯವಾರು ವಿಂಗಡಿಸುವ ಅನುಕೂಲ ಬಂದದ್ದು 2010ರಲ್ಲಿ. ಮೊದಲು ಪುಸ್ತಕ ತುಂಬಿ ಆಮೇಲೆ ಬೀರು ಮಾಡಿಸಿದಂತೆ.

ನಮ್ಮ ಹೆಸರುಗಳ ತೊಡಕು ಬೇರೆಯೇ. ಕ್ಯಾಲಿಬರ್ ತಾನಾಗಿ ಲೇಖಕರ ಹೆಸರಿನ ಕೊನೆಯ ಪದವನ್ನು ಮುಂದಕ್ಕೆ ತಂದು ಅಕಾರಾದಿಯಾಗಿ ಜೋಡಿಸುತ್ತದೆ. ಶಿವರಾಮ ಕಾರಂತರಿಗೆ ಇದು ಸರಿಹೋದೀತು. ಮಾಸ್ತಿಯವರನ್ನು ಮ-ಕಾರದಲ್ಲಿ ಹುಡುಕಿ ಹುಡುಕಿ ಸೋತು, ಕೊನೆಗೆ ಅ-ಕಾರದಲ್ಲಿ, ಅಯ್ಯಂಗಾರ್ ಎಂಬಲ್ಲಿ ಕಂಡೆ. ಒಂದು ಕಡತದಲ್ಲಿ ಕುವೆಂಪು, ಮತ್ತೊಂದರಲ್ಲಿ ಕೆ.ವಿ. ಪುಟ್ಟಪ್ಪ ಎಂದಿದ್ದರೆ ಯಂತ್ರದ ಲೆಕ್ಕದಲ್ಲಿ ಅವರು ಇಬ್ಬರು. ತಿದ್ದಲು ಅವಕಾಶವಿದೆ, ಒಂದೊಂದಾಗಿ ಕೈಯಿಂದಲೇ ತಿದ್ದಬೇಕು. ಎರಡು ವಾರ ಇದೇ ಕೆಲಸ ನನಗೆ.

ಆದರೆ ಜೋಡಣೆಗಿಂತ ದೊಡ್ಡ ಪ್ರಶ್ನೆಯೊಂದಿದೆ. 2009ರ ಜುಲೈನಲ್ಲಿ, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣಕ್ಕೆ, ಜನರು ಹಣ ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ಎರಡು ಕಾದಂಬರಿಗಳ ಪ್ರತಿಗಳನ್ನು ಅಮೆಜಾನ್ ಅವರವರ ಕಿಂಡಲ್‌ನಿಂದ ದೂರದಿಂದಲೇ ಅಳಿಸಿಹಾಕಿತು. ಅವುಗಳಲ್ಲೊಂದು '1984'. ಹಣ ಹಿಂದಿರುಗಿಸಿದರು, ಕ್ಷಮೆಯನ್ನೂ ಕೇಳಿದರು. ಪ್ರೌಢಶಾಲೆಯ ಹುಡುಗನೊಬ್ಬ ಶಾಲೆಯ ಕೆಲಸಕ್ಕಾಗಿ ಆ ಪುಸ್ತಕದಲ್ಲಿ ಟಿಪ್ಪಣಿ ಮಾಡಿಕೊಂಡಿದ್ದ. ಪುಟಗಳೇ ಹೋದ ಮೇಲೆ ಯಾವ ಟಿಪ್ಪಣಿ ಯಾವ ಸಾಲಿಗೆಂದು ತಿಳಿಯುವುದೆಂತು? ಮೇಷ್ಟರಾದ ನನಗೆ ಉಳಿದೆಲ್ಲಕ್ಕಿಂತ ಇದೇ ಹೆಚ್ಚು ನೋಯಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿಯನ್ನು ಮುಚ್ಚಿ ಮಾರಿದ ಪುಸ್ತಕಗಳನ್ನು ಹಿಂತೆಗೆದುಕೊಂಡಾಗ, ಟಿಪ್ಪಣಿ ಬರೆದುಕೊಂಡಿದ್ದವರಿಗೆ ಪುಸ್ತಕದ ಬೆಲೆಯೊಂದಿಗೆ 25 ಡಾಲರ್ ಹೆಚ್ಚಿಗೆ ಕೊಟ್ಟಿತು. ಕಿಂಡಲ್ ಪುಸ್ತಕಗಳನ್ನು ಗಣಕಕ್ಕೆ ಇಳಿಸಿಕೊಂಡು ತಂತಿಯ ಮೂಲಕ ಯಂತ್ರಕ್ಕೆ ಸಾಗಿಸುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿ 26ರಂದು ನಿಲ್ಲಿಸಿತು.

ಇದನ್ನೆಲ್ಲ ಓದಿದ ಮೇಲೆ 200 ಪುಟದ ನೋಟುಪುಸ್ತಕವೊಂದನ್ನು ತಂದು ಗೆರೆ ಹಾಕಿ, ನನ್ನ ಇ-ಪುಸ್ತಕಗಳಿಗೂ ದಾಸ್ತಾನು ವಹಿ ಬರೆಯತೊಡಗಿದ್ದೇನೆ. ಹಳೆಯ ಕಲಂಗಳ ಜೊತೆಗೆ ಹೊಸದೊಂದನ್ನು ಸೇರಿಸಿರುವೆ. ಪುಸ್ತಕದ ಪ್ರತಿ ನನ್ನ ಗಣಕದಲ್ಲಿಯೂ ಇದ್ದರೆ ಅಲ್ಲಿ 'ಮನೆ', ಕೊಟ್ಟವರ ಬಳಿ ಮಾತ್ರವಿದ್ದರೆ 'ಅಂಗಡಿ'. ನೂರರವರೆಗೆ ಬರೆದಾಗಿದೆ. 'ಮನೆ' ಎಂದಿರುವವು 37.