ಕಾವಲಿನ ಮಣ್ಣು, ಮೇಯುವ ಹೊಟ್ಟೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ನಾವು ಓದುವುದು ಹೆಚ್ಚಾಗಿ ಕೋಟೆಗಳ ಮೂಲಕ. ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ದುರ್ಗ, ಶಿರಾದಲ್ಲಿರುವ ಮಲಿಕ್ ರಿಹಾನನ ಗೋರಿ, 1687ರಲ್ಲಿ ಅಲ್ಲಿ ನೆಲೆಯಾದ ಮೊಘಲರ ಸುಬಾ, 1761ರಲ್ಲಿ ಹೈದರಾಲಿಗೆ ದೊರೆತ ಶಿರಾದ ನವಾಬಗಿರಿ. ಆದರೆ ಕೋಟೆ ಯಾರ ಕೈಯಲ್ಲಿದ್ದರೂ ಅದರ ಕೆಳಗಿನ ಬಯಲಿನಲ್ಲಿ ದನ, ಕುರಿ, ಕೃಷ್ಣಮೃಗಗಳು ಮೇಯುತ್ತಲೇ ಇದ್ದವು. ಆ ಬಯಲಿನ ಚರಿತ್ರೆಯನ್ನು ಬರೆದವರು ಕಡಿಮೆ. ಅದರಲ್ಲೂ ಬರಿಗಣ್ಣಿಗೆ ಕಾಣದ ಒಂದು ಭಾಗವಿದೆ. ಮೇಯುವ ಪ್ರಾಣಿಯ ಹೊಟ್ಟೆಯೊಳಗಿನ ಜೀವಿಗಳಿಗೂ ಅದು ತುಳಿಯುವ ಮಣ್ಣಿನ ಜೀವಿಗಳಿಗೂ ಇರುವ ನಂಟು ಅದು. ಈ ನಂಟನ್ನು ತಿಳಿಯದೆ ಬಯಲಿನ ಮೇಲೆ ನಾವು ಎಂತೆಂಥ ನಿರ್ಧಾರಗಳನ್ನು ಕೈಗೊಂಡಿದ್ದೇವೆ ಎಂಬುದೇ ಈ ಲೇಖನದ ವಿಷಯ.

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ನದಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನದಿ ಎಂದರೂ ವರ್ಷದ ಬಹುಕಾಲ ಅಲ್ಲಿ ಇರುವುದು ಮರಳು. ಇದರ ಹೆಸರಿನಲ್ಲೇ 2007ರಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ವಿಸ್ತೀರ್ಣ 798 ಎಕರೆ. ರಾಜ್ಯದಲ್ಲಿ ರಾಣೆಬೆನ್ನೂರನ್ನು ಬಿಟ್ಟರೆ ಕೃಷ್ಣಮೃಗಗಳು ಹಿಂಡುಹಿಂಡಾಗಿ ಕಾಣಸಿಗುವ ಮುಖ್ಯ ತಾಣ ಇದು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರಗಳ ಅಭಯಾರಣ್ಯವಾಯಿತು. ಹೀಗೆ ಬರಸೀಮೆ ಎಂದು ನಾವು ಮೂಗು ಮುರಿಯುವ ಈ ನಾಡಿನಲ್ಲಿ ಎರಡು ಬಗೆಯ ಕಾಡು ಜಿಂಕೆಗಳು ಒಣಹುಲ್ಲನ್ನು ಕರಗಿಸಿಕೊಂಡು ಬದುಕಿವೆ.

ಕರಗಿಸುವುದು ಹೇಗೆ? ಹುಲ್ಲಿನ ನಾರಿನಲ್ಲಿರುವ ಸೆಲ್ಯುಲೋಸನ್ನು ಒಡೆಯುವ ರಸ ಕೃಷ್ಣಮೃಗದ ದೇಹದಲ್ಲಿಲ್ಲ. ಕುರಿಗೂ ಇಲ್ಲ, ದನಕ್ಕೂ ಇಲ್ಲ. ಆ ಕೆಲಸ ಮಾಡುವುದು ರೂಮೆನ್ ಎಂಬ ದೊಡ್ಡ ಚೀಲದಂಥ ಜಠರದಲ್ಲಿ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾ, ಪ್ರೊಟೊಜೋವಾ, ಶಿಲೀಂಧ್ರಗಳು. ಅವು ನಾರನ್ನು ಹುಳಿಯಿಸಿ ಆಮ್ಲಗಳನ್ನು ಮಾಡಿಕೊಡುತ್ತವೆ. ಪ್ರಾಣಿಗೆ ಬೇಕಾದ ಶಕ್ತಿಯ ಬಹುಪಾಲು ಅದರಿಂದಲೇ. ಕೊನೆಗೆ ಆ ಜೀವಿಗಳೇ ಮುಂದಿನ ಜಠರಕ್ಕೆ ಇಳಿದು ಪ್ರಾಣಿಯ ಪ್ರೋಟೀನು ಆಗುತ್ತವೆ. ಪ್ಯಾರಿಸಿನ ಗ್ರೂಬಿ ಮತ್ತು ಡೆಲಾಫಾಂಡ್ ಎಂಬುವರು ರೂಮೆನ್‌ನೊಳಗಿನ ಪ್ರೊಟೊಜೋವಾಗಳನ್ನು ಮೊದಲು ಕಂಡು ಬರೆದದ್ದು 1843ರಲ್ಲಿ.

ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಈ ಬಳಗ ಇರುವುದಿಲ್ಲ ಎಂದೇ ಹೇಳಬೇಕು. ತಾಯಿ ನೆಕ್ಕಿದಾಗ ಅಂಟುವ ಜೊಲ್ಲು, ಕೆಚ್ಚಲು, ಮೊದಲ ಬಾರಿ ಬಾಯಿ ಹಾಕಿದ ಹುಲ್ಲು, ಆ ಹುಲ್ಲಿನ ಬುಡದಲ್ಲಿ ಮೆತ್ತಿದ ಮಣ್ಣು - ಇವುಗಳಿಂದ ಅದು ಸೇರುತ್ತದೆ. ಮಣ್ಣಿನ ಜೀವಿಗಳಲ್ಲಿ ಹೆಚ್ಚಿನವು ಹೊಟ್ಟೆಯಲ್ಲಿ ನೆಲೆಗೊಳ್ಳಲಾರವು. ಹೊಟ್ಟೆಯ ಜೀವಿಗಳಲ್ಲಿ ಹೆಚ್ಚಿನವು ಗಾಳಿ ಸೋಕಿದರೆ ಸಾಯುತ್ತವೆ. ಆದರೆ ಗಟ್ಟಿ ಕವಚ ಕಟ್ಟಿಕೊಂಡು ಎರಡೂ ಕಡೆ ಓಡಾಡುವ ಕೆಲವು ಇವೆ. ಕುರಿ ಸಾಕುವವರಿಗೆ ಅವುಗಳ ಪರಿಚಯ ಚೆನ್ನಾಗಿಯೇ ಇದೆ, ಹೆಸರು ಬೇರೆ ಅಷ್ಟೆ. ಮಳೆ ಬಿದ್ದು ಎಳೆ ಹುಲ್ಲು ಚಿಗುರಿದಾಗ ಹಸಿದ ಕುರಿ ಹೊಟ್ಟೆ ಬಿರಿಯ ಮೇದು, ನೋಡನೋಡುತ್ತ ಬಿದ್ದು ಸಾಯುವ ಕರುಳು ಬೇನೆಗೆ ಕಾರಣ ಕ್ಲಾಸ್ಟ್ರಿಡಿಯಂ ಜಾತಿಯ ಒಂದು ಬ್ಯಾಕ್ಟೀರಿಯಾ. ಅದು ಮಣ್ಣಿನಲ್ಲೂ ಇದೆ, ಆರೋಗ್ಯವಂತ ಕುರಿಯ ಕರುಳಿನಲ್ಲೂ ಇದೆ. ಹುಲ್ಲು ಒಮ್ಮೆಲೇ ಬದಲಾದಾಗ ಅದು ಮಿತಿಮೀರಿ ಬೆಳೆದು ವಿಷ ಕಾರುತ್ತದೆ. ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸಿ ಎಂದು ಪಶುವೈದ್ಯರು ಹೇಳುವುದು ಇದಕ್ಕಾಗಿಯೇ. ಚಪ್ಪೆ ಬೇನೆ, ನೆರಡಿ ರೋಗಗಳ ಬೀಜಗಳೂ ಮಣ್ಣಿನಲ್ಲೇ ವರ್ಷಗಟ್ಟಲೆ ಕಾದು ಕೂರುತ್ತವೆ.

ಮಣ್ಣಿನ ಪಾತ್ರ ರೋಗ ತರುವುದಷ್ಟೇ ಅಲ್ಲ. ಕೀನ್ಯಾದ ಎರಡು ಜಾತಿಯ ಬಬೂನ್ ಕೋತಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೋಲಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಯಾವ ಕೋತಿಯ ಹೊಟ್ಟೆಯಲ್ಲಿ ಯಾವ ಬಳಗವಿದೆ ಎಂಬುದನ್ನು ನಿರ್ಧರಿಸುವಲ್ಲಿ ಅದರ ವಂಶವಾಹಿಗಿಂತ ಅದು ವಾಸಿಸುವ ನೆಲದ ಮಣ್ಣಿನ ಗುಣ ಸುಮಾರು 15 ಪಟ್ಟು ಪ್ರಬಲ ಎಂದು ಅದು ಕಂಡುಕೊಂಡಿತು. ಕೋತಿ ಮೆಲುಕು ಹಾಕುವ ಪ್ರಾಣಿಯಲ್ಲ ನಿಜ. ಆದರೆ ಆ ಬಬೂನ್‌ಗಳು ಬಯಲಿನ ಹುಲ್ಲು, ಬೇರು, ಗೆಡ್ಡೆಗಳನ್ನು ಕಿತ್ತು ತಿನ್ನುವಂಥವು. ಮಣ್ಣು ಯಾವ ಗಿಡ ಬೆಳೆಯಬೇಕೆಂದು ತೀರ್ಮಾನಿಸುತ್ತದೆ, ತಾನೂ ತುತ್ತಿನ ಜೊತೆ ಒಳಗೆ ಹೋಗುತ್ತದೆ.

ಹಾಗೆ ಒಳಗೆ ಹೋದದ್ದು ಹಿಕ್ಕೆಯಾಗಿ ಹೊರಗೆ ಬರುತ್ತದೆ. ಗಂಡು ಕೃಷ್ಣಮೃಗ ತನ್ನ ಸರಹದ್ದನ್ನು ಗುರುತಿಸಲು ಒಂದೇ ಜಾಗದಲ್ಲಿ ಮತ್ತೆಮತ್ತೆ ಹಿಕ್ಕೆ ಹಾಕುತ್ತದೆ. ನಮ್ಮ ರೈತರು ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿಮಂದೆ ತರುಬಿಸಿ, ಕುರಿಗಾರನಿಗೆ ಕಾಳೋ ಕಾಸೋ ಕೊಡುತ್ತಿದ್ದದ್ದೂ ಇದೇ ಲೆಕ್ಕಾಚಾರ. ಶಿರಾ ಸೀಮೆಯ ಕಾಡುಗೊಲ್ಲರು ಗಣೆ ಊದಿ ಹಾಡುವ ಜುಂಜಪ್ಪನ ಕಾವ್ಯದ ನಾಯಕ ದನ ಕಾಯುವವನೇ ಹೊರತು ಕೋಟೆ ಗೆದ್ದವನಲ್ಲ.

ರಾಜರಿಗೂ ಈ ಲೆಕ್ಕಾಚಾರ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯನ್ನು ಹೈದರಾಲಿ ಬೆಳೆಸಿದ. ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟು, ದನಗಳ ಎಣಿಕೆ, ತಪಾಸಣೆಗೆ ನಿಯಮಗಳನ್ನು ಮಾಡಿದ. ಟಿಪ್ಪುವಿನ ಬಗ್ಗೆ ವಾದಿಸುವವರು ಎರಡೂ ಬದಿಯಲ್ಲಿ ಬೇಕಾದಷ್ಟಿದ್ದಾರೆ. ಅವನ ದನದ ಲೆಕ್ಕವನ್ನು ಮಾತ್ರ ಯಾರೂ ತೆಗೆಯುವುದಿಲ್ಲ. ಇದರಲ್ಲಿ ಗೋಪ್ರೇಮವನ್ನೋ ಪರಿಸರ ಪ್ರಜ್ಞೆಯನ್ನೋ ಹುಡುಕಬೇಕಾಗಿಲ್ಲ. ಫಿರಂಗಿ ಎಳೆಯಲು, ದಂಡಿನ ಸಾಮಾನು ಹೊರಲು ಎತ್ತು ಬೇಕಿತ್ತು, ಅಷ್ಟೆ. ಆದರೆ ಆ ಎತ್ತುಗಳಿಗಾಗಿ ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಉಳಿಸಿಕೊಂಡ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲದ ಕಾವಲುಗಳೆಂದು ವಿಂಗಡಿಸಲಾಗಿತ್ತು. ಒಂದರಲ್ಲಿ ದನ ಮೇಯುವಾಗ ಇನ್ನೊಂದರ ಹುಲ್ಲೂ ಮಣ್ಣೂ ಸುಧಾರಿಸಿಕೊಳ್ಳುತ್ತಿದ್ದವು. 1799ರ ನಂತರ ಅಮೃತ ಮಹಲ್ ಬ್ರಿಟಿಷರ ಕೈಸೇರಿತು. 1860ರಲ್ಲಿ ಖರ್ಚು ಉಳಿಸಲೆಂದು ಅವರು ಹಿಂಡುಗಳನ್ನು ಮಾರಿದರು, ಕೆಲವೇ ವರ್ಷಗಳಲ್ಲಿ ಪಶ್ಚಾತ್ತಾಪಪಟ್ಟು 1866ರಲ್ಲಿ ಮತ್ತೆ ಕಟ್ಟಿದರು.

ಮುಂದಿನ ಶತಮಾನದಲ್ಲಿ ಮಣ್ಣಿಗೂ ಹೊಟ್ಟೆಗೂ ನಡುವೆ ಹೊಸದೊಂದು ಬಂದು ಸೇರಿತು. ಅದೂ ಮಣ್ಣಿನಿಂದಲೇ ಬಂದದ್ದು. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧಿ ಆರಿಯೋಮೈಸಿನ್ 1948ರಲ್ಲಿ ಲೋಕಕ್ಕೆ ಪರಿಚಯವಾಯಿತು. ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದ ಪ್ರಯೋಗದ ಹೊಲವೊಂದರ, ಹುಲ್ಲು ಬೆಳೆದಿದ್ದ ಮಡಿಯ ಮಣ್ಣಿನಲ್ಲಿ ಸಿಕ್ಕ ಜೀವಿ ಅದನ್ನು ತಯಾರಿಸುತ್ತಿತ್ತು. ಅದನ್ನು ಗುರುತಿಸಿದವರು ಬೆಂಜಮಿನ್ ಡಗ್ಗರ್. ಆ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಎಷ್ಟೋ ಜೀವಗಳನ್ನು ಉಳಿಸಿದ ಔಷಧಿ ಅದು. ಆದರೆ ದನಕುರಿಗಳಿಗೆ ಕೊಟ್ಟ ಟೆಟ್ರಾಸೈಕ್ಲಿನ್‌ನ ದೊಡ್ಡ ಪಾಲು ಸಗಣಿ, ಗಂಜಲದಲ್ಲಿ ಹಾಗೇ ಹೊರಬಿದ್ದು ಮಣ್ಣಿಗೆ ಅಂಟಿಕೊಳ್ಳುತ್ತದೆ.

ಅದರ ಪರಿಣಾಮವನ್ನು ಅಳೆದವರು ನಮ್ಮದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಸುಮಂತ ಬಾಗ್ಚಿ ಮತ್ತು ಸಂಗಡಿಗರು ಹಿಮಾಲಯದ ಸ್ಪಿತಿ ಕಣಿವೆಯಲ್ಲಿ ಕಾಡುಪ್ರಾಣಿಗಳು ಮೇಯುವ ನೆಲವನ್ನೂ ಸಾಕುಪ್ರಾಣಿಗಳು ಮೇಯುವ ನೆಲವನ್ನೂ ಹೋಲಿಸಿ 2023ರಲ್ಲಿ ವರದಿ ಪ್ರಕಟಿಸಿದರು. ಎರಡೂ ಕಡೆ ಮೇಯುವಿಕೆ ಇದ್ದರೂ ಸಾಕುಪ್ರಾಣಿಗಳ ನೆಲದಲ್ಲಿ ಇಂಗಾಲ ಕಡಿಮೆ ಇತ್ತು. ಇಂಗಾಲವನ್ನು ಹಿಡಿದಿಟ್ಟುಕೊಳ್ಳುವಲ್ಲಿ ಅಲ್ಲಿನ ಮಣ್ಣಿನ ಸೂಕ್ಷ್ಮಜೀವಿಗಳ ದಕ್ಷತೆ ಸುಮಾರು ಶೇ. 19ರಷ್ಟು ಕುಗ್ಗಿತ್ತು. ಟೆಟ್ರಾಸೈಕ್ಲಿನ್‌ನಂಥ ಪಶು ಔಷಧಿಗಳ ಕಡೆಗೆ ಅವರು ಬೊಟ್ಟು ಮಾಡಿದರು. ಕಾಡುಪ್ರಾಣಿ ಹೋದರೇನು, ಆ ಜಾಗದಲ್ಲಿ ಕುರಿ ಮೇಯುತ್ತದಲ್ಲ ಎಂಬ ಮಾತು ಅಷ್ಟು ಸರಳವಲ್ಲ ಎಂದಾಯಿತು. ಹಾಗೆಂದು ಕುರಿಗಾರನನ್ನು ಅಪರಾಧಿಯಾಗಿ ನಿಲ್ಲಿಸುವುದನ್ನು ನಾವು ಒಪ್ಪುವುದಿಲ್ಲ. ಮೇವಿನ ನೆಲ ಕಿರಿದಾಗಿ ಹಿಂಡು ಒತ್ತೊತ್ತಾದಷ್ಟೂ ರೋಗ ಹೆಚ್ಚು, ರೋಗ ಹೆಚ್ಚಿದಷ್ಟೂ ಔಷಧಿ ಹೆಚ್ಚು.

ನೆಲವನ್ನು ಕಿರಿದುಗೊಳಿಸಿದವರು ಬೇರೆ. ಮರವಿಲ್ಲದ ಬಯಲನ್ನು ಬಂಜರು ಎಂದು ಕರೆಯುವ ಅಭ್ಯಾಸ ಕಂದಾಯ ಇಲಾಖೆಗೆ ಬ್ರಿಟಿಷರ ಕಾಲದಿಂದ ಬಂದದ್ದು. ಬಂಜರನ್ನು ಹಸಿರು ಮಾಡಲು ನೀಲಗಿರಿ ಬಂತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ನೆಟ್ಟರು. ಅದರ ಸುದ್ದಿ ದೇಶದಾಚೆಗೂ ಹೋಯಿತು. ಮೈದನಹಳ್ಳಿಯ ಸಂರಕ್ಷಿತ ಹುಲ್ಲುಗಾವಲಿನ ಮಗ್ಗುಲಲ್ಲೇ ಇಂದಿಗೂ ನೀಲಗಿರಿ ತೋಪು ಇದೆ. ಪಾವಗಡದಲ್ಲಿ ತಿರುಮಣಿ ಸುತ್ತಲಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದು ನಿಂತು 2019ರಲ್ಲಿ ಪೂರ್ಣಗೊಂಡಿತು. ಭೂಮಿ ಇದ್ದವರಿಗೆ ಗುತ್ತಿಗೆಯ ಹಣ ಬಂತು, ಕೂಳೆ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ತಂತಿಬೇಲಿ. ಪಕ್ಕದ ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಅಮೃತ ಮಹಲ್ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ಅದರಲ್ಲಿ 1,500 ಎಕರೆ, ಸ್ಪಿತಿಯ ಮಣ್ಣನ್ನು ಅಷ್ಟು ಜತನದಿಂದ ಪರೀಕ್ಷಿಸಿದ ಅದೇ ಭಾರತೀಯ ವಿಜ್ಞಾನ ಸಂಸ್ಥೆಗೆ.

ಮೈದನಹಳ್ಳಿಯ ಕೃಷ್ಣಮೃಗಕ್ಕೆ 798 ಎಕರೆಯ ಗಡಿ ಗೊತ್ತಿಲ್ಲ. ಹುಲ್ಲು ಒಣಗಿದಾಗ ಅದು ಸುತ್ತಲಿನ ಹೊಲಗಳಿಗೆ ಇಳಿಯುತ್ತದೆ. ರೈತ ಬೈದು ಓಡಿಸುತ್ತಾನೆ, ಅವನ ಕಷ್ಟ ಅವನಿಗೆ. ಆ ಹೊಲಕ್ಕೆ ಸುರಿದ ಗೊಬ್ಬರ, ಹೊಡೆದ ಔಷಧಿ, ಅಲ್ಲಿ ತರುಬಿದ್ದ ಮಂದೆಯ ಹಿಕ್ಕೆ ಎಲ್ಲವೂ ಬೆರೆತ ಮಣ್ಣು ಹುಲ್ಲಿನ ಬುಡದೊಡನೆ ಅದರ ಬಾಯಿಗೆ ಸೇರುತ್ತದೆ. ಬೆಳಗಾಗುವ ಮುನ್ನ ಅದು ಹುಲ್ಲುಗಾವಲಿಗೆ ಮರಳಿ, ತನ್ನ ಎಂದಿನ ಜಾಗದಲ್ಲಿ ಹಿಕ್ಕೆ ಹಾಕುತ್ತದೆ.