ಬೆವರಂಗಿಯ ಮೇಲಣ ವ್ಯಂಗ್ಯಚಿತ್ರ

ಶಿಲಾಶಾಸನ, ತಾಮ್ರಪಟ, ನಾಣ್ಯ, ಓಲೆಗರಿ ಇವುಗಳೇ ಚರಿತ್ರೆಗೆ ಆಧಾರಗಳೆಂದು ಭಾವಿಸುವುದು ವಾಡಿಕೆ. ತೊಟ್ಟು ಸವೆದ ಅಂಗಿಯನ್ನು ಆ ಸಾಲಿಗೆ ಸೇರಿಸಿದರೆ ಹಲವರು ನಕ್ಕಾರು. ಆದರೂ ಕಾಲನಿರ್ಣಯದ ಕ್ರಮ ಎರಡಕ್ಕೂ ಹೆಚ್ಚುಕಡಮೆ ಒಂದೇ. ಕೃತ್ರಿಮದ ಭಯವೂ ಎರಡಕ್ಕೂ ಒಂದೇ. ಬೆಂಗಳೂರಿಗೆ ಪೂರ್ವದಲ್ಲಿರುವ ಪಟ್ಟಂದೂರು ಅಗ್ರಹಾರದಲ್ಲಿ ಈ ಎರಡು ಬಗೆಯ ಆಧಾರಗಳೂ ಒಂದೆಡೆ ಕಾಣಸಿಗುತ್ತವೆ. ಚೋಳರ ಕಾಲದ, ಹನ್ನೊಂದನೆಯ ಶತಮಾನದ ಶಾಸನದಿಂದ ಹೆಸರಾದ ಊರು ಅದು. ಅದೇ ನೆಲದಲ್ಲಿ, 1994ರಲ್ಲಿ ಸಿಂಗಪುರದ ಸಹಭಾಗಿತ್ವದಿಂದ ಮೊದಲಾದ ತಂತ್ರಜ್ಞಾನದ ಪಾರ್ಕು ಎದ್ದಿತು. 2023ರಲ್ಲಿ ತೆರೆದ ಮೆಟ್ರೋ ನಿಲ್ದಾಣದಲ್ಲಿ ಇಳಿದು ಕೆಲಸಕ್ಕೆ ಹೋಗುವ ತರುಣರಲ್ಲಿ ಕೆಲವರ ಎದೆಯ ಮೇಲೆ ಅಮೆರಿಕದ ಆಟದ ತಂಡಗಳ ಹೆಸರುಗಳೂ, ಅವುಗಳ ಕೆಳಗೆ ಚೆಂಡು ಹಿಡಿದ ಮೊಲ, ನಾಯಿ, ಇಲಿಗಳ ವ್ಯಂಗ್ಯಚಿತ್ರಗಳೂ ತೋರುತ್ತವೆ. ಆ ಆಟವನ್ನು ಅವರು ಕಂಡಿರಬೇಕೆಂಬ ನಿಯಮವೇನೂ ಇಲ್ಲ.

ಈ ಉಡುಪಿಗೆ ಸ್ವೆಟ್‌ಶರ್ಟು ಎಂದು ಹೆಸರು. ಬೆವರನ್ನು ಹೀರುವ ಅಂಗಿ ಎಂದು ಅಭಿಪ್ರಾಯ. ಅಮೆರಿಕದ ಅಲಬಾಮಾ ಪ್ರಾಂತದ ರಸೆಲ್ ಎಂಬ ಗಿರಣಿಯವರು 1926ರ ಸುಮಾರಿಗೆ ಇದನ್ನು ಹೊರತಂದರೆಂದು ಪ್ರತೀತಿ. ಅದಕ್ಕೆ ಮೊದಲು ಅಲ್ಲಿನ ಫುಟ್ಬಾಲ್ ಆಟಗಾರರು ಉಣ್ಣೆಯ ಅಂಗಿಗಳನ್ನು ತೊಟ್ಟು ತುರಿಕೆಯಿಂದ ಬಳಲುತ್ತಿದ್ದರು. ಗಿರಣಿಯ ಒಡೆಯನ ಮಗನೇ ಆಟಗಾರನಾಗಿದ್ದುದರಿಂದ ಈ ಕಷ್ಟ ಮನೆಯವರಿಗೆ ತಿಳಿಯಿತು; ಹತ್ತಿಯ ನೂಲಿನಿಂದ ಹೆಣೆದ ದಪ್ಪನೆಯ ಅಂಗಿ ಹುಟ್ಟಿತು. ಕೊರಳ ಕೆಳಗೆ ಬೆವರು ಹೀರಲೆಂದೂ ಕೊರಳಪಟ್ಟಿ ಜಗ್ಗದಿರಲೆಂದೂ ಮುಕ್ಕೋಣದ ತುಂಡೊಂದನ್ನು ಕೂಡಿಸುತ್ತಿದ್ದರು. ಇಂದಿನ ಅಂಗಿಗಳಲ್ಲಿ ಅನೇಕವೇಳೆ ಅದರ ಹೊಲಿಗೆಯ ಗೆರೆ ಮಾತ್ರ ಉಳಿದಿದೆ, ತುಂಡು ಇಲ್ಲ.

ಮೊದಲು ಇದರ ಮೇಲೆ ಬಂದುದು ವಿದ್ಯಾಶಾಲೆಗಳ ಹೆಸರು. ಚಿತ್ರ ಬಂದುದು ಆಮೇಲೆ. 1928ರಲ್ಲಿ ತೆರೆಯ ಮೇಲೆ ಪ್ರಸಿದ್ಧವಾದ ಮಿಕ್ಕಿ ಎಂಬ ಇಲಿ 1930ರ ದಶಕದಲ್ಲಿಯೇ ಮಕ್ಕಳ ಸ್ವೆಟ್‌ಶರ್ಟುಗಳನ್ನು ಏರಿತು. ಮುಂದೆ ಆಟಗಾರರೇ ವ್ಯಂಗ್ಯಚಿತ್ರಗಳಾದರು: 1980ರ ದಶಕದ ಕೊನೆಯಲ್ಲಿ ಸೇಲಂ ಸ್ಪೋರ್ಟ್ಸ್‌ವೇರ್ ಎಂಬ ಸಂಸ್ಥೆ (ಇದು ತಮಿಳುನಾಡಿನ ಸೇಲಮಲ್ಲ, ಅಮೆರಿಕದ್ದು) ದೊಡ್ಡ ತಲೆ, ಪುಟ್ಟ ಮೈಯ ಆಟಗಾರರ ಚಿತ್ರಗಳನ್ನು ಅಂಗಿಗಳ ಮೇಲೆ ಅಚ್ಚೊತ್ತಿ ಹೆಸರಾಯಿತು. 1996ರ ‘ಸ್ಪೇಸ್ ಜಾಮ್’ ಚಲಚ್ಚಿತ್ರದಲ್ಲಿ ಮೈಕೇಲ್ ಜೋರ್ಡನ್ ಮೊಲದೊಡನೆ ಆಡಿದ ಮೇಲಂತೂ ಈ ರುಚಿ ಲೋಕವನ್ನೇ ಸುತ್ತಿತು.

ಕನ್ನಡನಾಡಿನಲ್ಲಿ ವ್ಯಂಗ್ಯಚಿತ್ರ ಹಿಡಿದ ದಾರಿ ಬೇರೆ. ಅದರ ಮನೆ ಪತ್ರಿಕೆಯ ಪುಟ. 1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ಯಲ್ಲಿ ಮೈಸೂರಿನ ಆರ್. ಕೆ. ಲಕ್ಷ್ಮಣರು ತಾರುಣ್ಯದಲ್ಲಿ ಚಿತ್ರ ಬರೆದರು. ಆಟಕ್ಕೂ ಇಂಥ ಚಿತ್ರಕ್ಕೂ ಭಾರತದಲ್ಲಿ ಎದ್ದು ಕಾಣುವ ನಂಟಾದುದು 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ‘ಅಪ್ಪು’ ಎಂಬ ಆನೆಮರಿಯಿಂದ. ಆದರೆ ಬೆಂಗಳೂರು ಈ ಚರಿತ್ರೆಯನ್ನು ಪ್ರವೇಶಿಸಿದುದು ಕುಂಚದಿಂದಲ್ಲ, ಸೂಜಿಯಿಂದ. 1974ರಿಂದ 2004ರ ವರೆಗೆ ಶ್ರೀಮಂತ ದೇಶಗಳು ಪ್ರತಿಯೊಂದು ನಾಡಿನಿಂದ ತರಿಸುವ ಬಟ್ಟೆಗೆ ಮಿತಿಯನ್ನು ಹಾಕಿದ್ದುವು; ಆ ಮಿತಿಯೊಳಗೆ ಭಾರತಕ್ಕೆ ದೊರೆತ ಪಾಲಿನಿಂದ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳ ಸಿದ್ಧ ಉಡುಪಿನ ಕಾರ್ಖಾನೆಗಳು ಬೆಳೆದುವು.

ಇನ್ನು ಕಾಲನಿರ್ಣಯದ ಮಾತು. ಶಾಸನಕ್ಕೆ ಲಿಪಿ ಹೇಗೋ, ಅಂಗಿಗೆ ಕೊರಳ ಚೀಟಿ ಹಾಗೆ. ಅಮೆರಿಕದಲ್ಲಿ ಮಾರುವ ಬಟ್ಟೆಯಲ್ಲಿ ಯಾವ ನೂಲು ಎಷ್ಟು ಪಾಲು ಎಂಬುದನ್ನು ಬರೆಯಬೇಕೆಂಬ ಕಾನೂನು 1960ರಲ್ಲಿ ಜಾರಿಗೆ ಬಂದಿತು. ಒಗೆಯುವ ಕ್ರಮವನ್ನು ತಿಳಿಸಬೇಕೆಂಬ ನಿಯಮ 1972ರಲ್ಲಿ. ನೂಲಿನ ಲೆಕ್ಕವಿದ್ದು ಒಗೆತದ ಸೂಚನೆಯಿಲ್ಲದ ಚೀಟಿ ಈ ಎರಡು ವರ್ಷಗಳ ನಡುವಣದೆಂದು ಊಹಿಸಬಹುದು. ಚೀಟಿ ಹರಿದುಹೋಗಿದ್ದರೆ ಬಣ್ಣವನ್ನು ನೋಡಬೇಕು. ಪ್ಲಾಸ್ಟಿಸಾಲ್ ಎಂಬ ಬಣ್ಣ ನೂಲಿನೊಳಗೆ ಇಳಿಯದೆ ಮೇಲೆ ಪೊರೆಯಂತೆ ಕುಳಿತಿರುತ್ತದೆ; ವರ್ಷಗಳ ಒಗೆತದಿಂದ ಬೇಸಗೆಯ ಕೆರೆಯಂಗಳದಂತೆ ಬಿರಿಯುತ್ತದೆ. ಪಕ್ಕೆಯಲ್ಲಿ ಹೊಲಿಗೆಯಿಲ್ಲದೆ ಕೊಳವೆಯಂತೆ ಹೆಣೆದ ಮೈ ಹಳೆಯ ಯಂತ್ರದ ಗುರುತು. ಆದರೆ ಜಪಾನಿನ ವಾಕಾಯಾಮಾದಲ್ಲಿ ಅಂಥ ನಿಧಾನದ ಯಂತ್ರಗಳು ಇಂದಿಗೂ ತಿರುಗುತ್ತಿರುವುದರಿಂದ ಇದೊಂದನ್ನೇ ನಂಬಲಾಗದು.

ಕೃತ್ರಿಮ ತಲೆಯೆತ್ತುವುದು ಇಲ್ಲಿಯೇ. ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದುದು ಚರಿತ್ರಾಸಕ್ತರಿಗೆ ತಿಳಿದ ವಿಷಯ. ಹಿಂದಿನ ಅರಸನ ಹೆಸರಿನಲ್ಲಿ ಮುಂದಿನ ಕಾಲದ ಲಿಪಿ ಕಂಡರೆ ಗುಟ್ಟು ರಟ್ಟಾಗುತ್ತದೆ. ಹಳೆಯ ಅಂಗಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಬಂದುದರಿಂದ, ಹೊಸದನ್ನೇ ಕಿಣ್ವದ ನೀರಿನಲ್ಲಿ ತೊಳೆದು, ಉಜ್ಜಿ, ಬಣ್ಣವನ್ನು ಮೊದಲೇ ಬಿರಿಯಿಸಿ ಮಾರುವುದುಂಟು. ಹೊಸದೆಂದು ಹೇಳಿ ಮಾರಿದರೆ ಅದು ಅನುಕರಣ. ಹಳೆಯದೆಂದು ಹೇಳಿದರೆ ಕೂಟ. 1950ರ ತಂಡದ ಹೆಸರಿನ ಕೆಳಗೆ ಒಗೆತದ ಚಿಹ್ನೆಗಳಿದ್ದರೆ ಹೆಚ್ಚಿನ ಪರೀಕ್ಷೆ ಬೇಕಿಲ್ಲ.

ಶಾಸನಕ್ಕೂ ಅಂಗಿಗೂ ಒಂದು ಭೇದವುಂಟು. ಕನ್ನಡ ಶಾಸನಗಳ ಕೊನೆಯಲ್ಲಿ ಬರೆದವನ, ಕಂಡರಿಸಿದ ರೂವಾರಿಯ ಹೆಸರು ಎಷ್ಟೋ ಕಡೆ ಸಿಕ್ಕುತ್ತದೆ. ಅಂಗಿಯ ಮೇಲೆ ತಂಡದ ಹೆಸರುಂಟು, ಚಿತ್ರದ ಒಡೆತನದ ಗುರುತುಂಟು, ಕೆಲವೊಮ್ಮೆ ಚಿತ್ರಕಾರನ ಸಹಿಯೂ ಉಂಟು, ಹೊಲಿದವರ ಹೆಸರಿಲ್ಲ. ಬೆಂಗಳೂರಿನ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಭವಿಷ್ಯನಿಧಿಯಲ್ಲಿ ಮಾಲಿಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ಹೊಸ ನಿಯಮ ಹೊರಟಾಗ, 2016ರ ಏಪ್ರಿಲ್ 18 ಮತ್ತು 19ರಂದು ಅವರು ಸಾವಿರಗಟ್ಟಲೆಯಾಗಿ ಬೀದಿಗಿಳಿದರು. 19ರಂದೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಅವರ ಕೈಯಿಂದ ಹೊರಟ ಅಂಗಿಗಳ ಕೊರಳ ಚೀಟಿಯಲ್ಲಿ, ನೂಲಿನ ಲೆಕ್ಕದ ಪಕ್ಕದಲ್ಲಿ, ಭಾರತದಲ್ಲಿ ತಯಾರಾದುದೆಂಬ ಒಂದು ಸಾಲು ಮಾತ್ರ ಇರುತ್ತದೆ.